ಗುರುವಾರ ಹನ್ನೊಂದಕ್ಕೆ ಸರ್ವರ್ ಯಾಕೆ ನಿಂತಿತು

ಮೊದಲು ನಮ್ಮ ಮನೆತನದ ಬಗ್ಗೆ ಎರಡು ಮಾತು. ನಮ್ಮ ಮುತ್ತಜ್ಜ ಔರಾದ ಕಡೆಯ ಬೆದ್ದಲು ಹೊಲಗಳಲ್ಲಿ ಕುರಿ ಮೇಯಿಸಿದವರು. ಊರವರ ಕುರಿಗಳನ್ನೂ ಎಣಿಸಿಕೊಂಡು ಹೋಗಿ, ಸಂಜೆ ಎಣಿಸಿಯೇ ಒಪ್ಪಿಸುತ್ತಿದ್ದರು. ಒಂದು ಮರಿ ಕಡಿಮೆಯಾಯಿತೆಂದು ಯಾರೂ ನಮ್ಮ ಬಾಗಿಲಿಗೆ ಬಂದಿಲ್ಲ. ಅಜ್ಜ ಉರ್ದು ಕಲಿತು ನಿಜಾಮರ ಕಾಲದ ತಹಶೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಂದೆ ಅಳತೆ-ತೂಕದ ಇಲಾಖೆಯ ಇನ್‌ಸ್ಪೆಕ್ಟರ್. ಅವರು ಬಜಾರಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಉಗುರು, ರಿಬ್ಬನ್, ಕೈಬರಹ ಮೂರನ್ನೂ ದಿನಾ ನೋಡುತ್ತಿದ್ದರು. ಈಗ ಬಹಳ ವರ್ಷಗಳಿಂದ ಬೀದರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದೇನೆ. ನಾಲ್ಕು ತಲೆಮಾರಿನಲ್ಲಿ ನಮ್ಮನ್ನು ಯಾರೂ ಕೈಫಿಯತ್ತು ಕೇಳಿರಲಿಲ್ಲ.

ಈ ವರ್ಷ ಕೇಳಿದರು. ಅದೂ ನೋಟಿಸ್ ಬೋರ್ಡಿನ ಮೇಲೆ, ಕಳೆದುಹೋದ ಛತ್ರಿಯ ಪ್ರಕಟಣೆಯ ಪಕ್ಕದಲ್ಲಿ. ಪ್ರತಿ ಗುರುವಾರ ಆಸ್ಪತ್ರೆಯ ಸರ್ವರನ್ನು ಬಂದ್ ಮಾಡುತ್ತಿರುವುದು ಯಾಕೆಂದು ಏಳು ದಿನದೊಳಗೆ ಬರೆದು ಕೊಡಬೇಕು, ಇಲ್ಲವಾದರೆ ಸರ್ವರ್ ಕೋಣೆಯ ಕೀಲಿ ಒಪ್ಪಿಸಬೇಕು ಎಂದು ಅದರಲ್ಲಿತ್ತು. ಆ ಕಾಗದ ಈಗ ಇಳಿದಿದೆ. ನಾನು ಮತ್ತೆ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಆಸ್ಪತ್ರೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ರೋಗಿಗಳು ವಾಸಿಯಾಗಿ ಮನೆಗೆ ಹೋಗುತ್ತಾರೆ, ಫಜೀತಿಗಳಿಗೆ ಮಾತ್ರ ಡಿಸ್ಚಾರ್ಜ್ ಇಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

೧. ರೊಟ್ಟಿಯ ಗಂಟು

ಸರ್ವರ್ ಎಂದರೆ ನನ್ನ ಕೋಣೆಯ ಪಕ್ಕದ ಸಣ್ಣ ಎಸಿ ಕೋಣೆಯಲ್ಲಿರುವ ಕಪ್ಪು ಪೆಟ್ಟಿಗೆ. ನಮ್ಮ ಆಸ್ಪತ್ರೆಗೆ ಭಾಲ್ಕಿಯಲ್ಲಿ ಒಂದು, ಔರಾದದಲ್ಲಿ ಒಂದು ಶಾಖೆ ಇವೆ. ಮೂರೂ ಊರಿನ ರೋಗಿಗಳ ಚೀಟಿ, ಲ್ಯಾಬ್ ರಿಪೋರ್ಟ್, ವಾರ್ಡಿನ ಔಷಧಿ ಪಟ್ಟಿ ಎಲ್ಲ ಅದರ ಹೊಟ್ಟೆಯಲ್ಲಿ. ಅದು ನಿಂತರೆ ಮೂರೂ ಊರಿನ ಕಂಪ್ಯೂಟರುಗಳು ನಿಲ್ಲುತ್ತವೆ.

ಅದು ವಾರಕ್ಕೆ ಎರಡು ಸಲ ಹಟ ಹಿಡಿದು ಕೂರತೊಡಗಿದಾಗ ಊರ ಹೊರಗಿನ ಕೊಳಾರ ಕೈಗಾರಿಕಾ ಪ್ರದೇಶದಿಂದ ಕಂಪ್ಯೂಟರ್ ಇಂಜಿನಿಯರನ್ನು ಕರೆಸಿದರು. ಅವರು ನೋಡಿ, "ದಿನಾ ಒಂದ್ ಸಲ ಬಂದ್ ಮಾಡಿ ಚಾಲೂ ಮಾಡಬೇಕಾಗ್ತದ್ರಿ ಮೇಡಂ. ಮನಶ್ಯಾರಿಗಿ ನಿದ್ದಿ ಹ್ಯಾಂಗೋ, ಇದಕ್ಕ ಇದು" ಎಂದರು. ಇಡೀ ಆಸ್ಪತ್ರೆಯಲ್ಲಿ ಕೀಲಿ ಕಳೆಯದವಳು ನಾನೊಬ್ಬಳೇ ಎಂದು ಆ ಕೆಲಸ ನನಗೆ ಬಂತು.

ಮೊದಲ ದಿನ ಬಾಗಿಲು ತೆರೆದೆ. ಸರ್ವರಿನ ತಲೆಯ ಮೇಲೆ ಬಿಳಿ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ನಾಲ್ಕು ಜೋಳದ ರೊಟ್ಟಿ. ಕಸ ಗುಡಿಸುವ ಆಯಾಳನ್ನು ಕರೆದೆ.

"ಇದು ಯಾರದು?"

"ನಂದೇ ರಿ ಮೇಡಂ. ಈ ಖೋಲಿ ಭಾಳ ಥಂಡಿ ಅದ, ಆದರ ಇದರ ಮ್ಯಾಲ ಇಟ್ರ ಬಿಸಿ ಇರ್ತಾವ್ರಿ."

"ಈ ಪೆಟ್ಟಿಗೆಗೆ ಗಾಳಿ ಆಡಬೇಕು. ನಿನ್ನ ರೊಟ್ಟಿಯಿಂದಲೇ ಇದು ನಿಲ್ಲುತ್ತಿದೆ. ಆಸ್ಪತ್ರೆಗೆ ಎಷ್ಟು ತೊಂದರೆ ಗೊತ್ತೆ?"

ಆಕೆ ನನಗಿಂತ ಹೆಚ್ಚು ನೊಂದ ಮುಖ ಮಾಡಿದಳು. "ಮೇಡಂ, ಅದು ನಿಂತ ದಿನ ನನ್ನ ರೊಟ್ಟಿ ತಣ್ಣಗ ಆಗ್ತಾವ್ರಿ. ನುಕ್ಸಾನ ಖರೇ ಅಂದ್ರ ನಂದೇ."

ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಕೆಯನ್ನು ಕರೆದುಕೊಂಡು ಒಳಗೆ ಹೋಗಿ, ನಿಂತು ಧೂಳು ಒರೆಸಿಸಿ, ರೊಟ್ಟಿ ಇಲ್ಲವೆಂದು ನೋಡಿ ಬರುವುದು ನನ್ನ ಪದ್ಧತಿಯಾಯಿತು.

೨. ಭಾಲ್ಕಿಯ ವಿನಂತಿ

ಒಂದು ತಿಂಗಳು ನಾನೇ ಕೈಯಾರೆ ಬಂದ್ ಮಾಡಿ ಚಾಲೂ ಮಾಡಿದೆ. ಆಮೇಲೆ ಇಂಜಿನಿಯರ್ ಬಂದು ಅದಕ್ಕೆ ಟೈಮ್ ಹಾಕಿದರು. ದಿನಾ ಮಧ್ಯಾಹ್ನ ಒಂದೂವರೆಗೆ, ಊಟದ ಹೊತ್ತಿಗೆ, ಅದು ತಾನೇ ಬಂದ್ ಆಗಿ ಐದು ನಿಮಿಷದಲ್ಲಿ ತಾನೇ ಏಳುತ್ತದೆ. ಹತ್ತು ನಿಮಿಷ ಮೊದಲು ಎಲ್ಲ ಕಂಪ್ಯೂಟರುಗಳ ಮೇಲೂ ಸೂಚನೆ ಬರುತ್ತದೆ. "ಇನ್ನ ನೀವು ಬಟನ್ ಮುಟ್ಟೋದೇ ಬ್ಯಾಡ್ರಿ ಮೇಡಂ" ಎಂದು ಹೇಳಿ ಹೋದರು.

ಮೊದಲ ದಿನವೇ ಒಂದು ಇಪ್ಪತ್ತೈದಕ್ಕೆ ಭಾಲ್ಕಿಯ ಚೀಟಿ ಕೌಂಟರಿನ ಗುಮಾಸ್ತನ ಫೋನು.

"ಮೇಡಮ್ರೀ, ಇನ್ನ ಮೂರ್ ಮಂದಿ ಉಳದಾರ. ಜರಾ ನಿಂದರಸ್ರಿ."

"ಅದನ್ನು ನಾನು ನಡೆಸುತ್ತಿಲ್ಲ. ಟೈಮಿಗೆ ತಾನೇ ನಡೆಯುತ್ತದೆ."

"ಗೊತ್ತದ್ರಿ. ಆದರ ನೀವು ಅದರ ಬಾಜೂಕೇ ಕೂಡ್ತೀರಲ್ರಿ. ಒಂದ್ ಮಾತ್ ಹೇಳಿ ನೋಡ್ರಿ."

"ಅದಕ್ಕೆ ಕಿವಿ ಇಲ್ಲ."

"ಬಸ್ಸಿನ ಡ್ರೈವರಗೂ ಇರಂಗಿಲ್ರಿ. ಕೈ ಮಾಡಿದ್ರ ನಿಲ್ತಾನ."

ಆತನದೂ ತಪ್ಪಲ್ಲ. ನಮ್ಮ ಕಡೆಯ ಹಳ್ಳಿ ಬಸ್ಸು, ಮುದುಕಿಯೊಬ್ಬಳು ಬಾಳೆಹಣ್ಣು ಚೌಕಾಸಿ ಮಾಡಿ ಮುಗಿಸುವ ತನಕ ನಿಂತಿರುತ್ತದೆ. ಸರ್ವರ್ ಯಾರಿಗೂ ಕಾಯಲಿಲ್ಲ. ಆ ಮೂವರ ಹೆಸರು ಬರೆಯುವಷ್ಟರಲ್ಲಿ ಒಂದೂವರೆಯಾಯಿತು, ಅವರ ಚೀಟಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಮರುದಿನ ಆತ ಒಂದು ಗಂಟೆಗೇ ಫೋನ್ ಮಾಡಿದ. ಬುದ್ಧಿ ಕಲಿತಿದ್ದಾನೆ ಎಂದುಕೊಂಡೆ.

"ಮೇಡಮ್ರೀ, ಇವತ್ತ ನಮ್ಮ ಕಡಿ ಮಂದಿ ಎಲ್ಲಾ ಮುಗದಾರ. ಸುಮ್ನ ಖಾಲಿ ಯಾಕ ನಿಂತದ, ಜಲ್ದಿ ಬಿಡಸ್ರಿ."

೩. ಆಯಾಳ ಸಾಕ್ಷಿ

ದೀಪಾವಳಿ ಕಳೆದ ಮೇಲೆ ಗುರುವಾರದ ಕಾಟ ಶುರುವಾಯಿತು. ಗುರುವಾರ ಬೀದರಿನಲ್ಲಿ ರೋಗಿಗಳ ಗದ್ದಲ ಹೆಚ್ಚು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ, ಯಾವ ಸೂಚನೆಯೂ ಇಲ್ಲದೆ, ಸರ್ವರ್ ಬಂದ್. ಚೀಟಿಗಳು ಅರ್ಧಕ್ಕೆ ನಿಲ್ಲುತ್ತಿದ್ದವು, ಸಾಲಿನಲ್ಲಿದ್ದವರು ಕೂಗಾಡುತ್ತಿದ್ದರು. ಒಂದಲ್ಲ, ನಾಲ್ಕು ಗುರುವಾರ. ಇಂಜಿನಿಯರಿಗೆ ಫೋನ್ ಮಾಡಿದರೆ ತಂಗಿಯ ಮದುವೆಯಲ್ಲಿದ್ದರು. ಬ್ಯಾಂಡಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಆಸ್ಪತ್ರೆಯ ಕಾರ್ಯದರ್ಶಿಗಳು ಕೋಣೆಯ ಬಾಗಿಲಿಗಿದ್ದ ಕ್ಯಾಮೆರಾದ ಚಿತ್ರ ತರಿಸಿ ನೋಡಿದರು. ನಾಲ್ಕೂ ಗುರುವಾರ ಒಂದೇ ದೃಶ್ಯ. ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ನಾನು ಆಯಾಳೊಂದಿಗೆ ಒಳಗೆ ಹೋಗುತ್ತೇನೆ. ಹನ್ನೊಂದಕ್ಕೆ ಸರ್ವರ್ ನಿಲ್ಲುತ್ತದೆ. ಆಮೇಲೆ ನಾನು ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ಬರುತ್ತೇನೆ.

ನನ್ನನ್ನು ಕರೆಸಿದರು. "ಮೇಡಂ, ನಾ ಏನೂ ಅನ್ನಂಗಿಲ್ಲ. ಕ್ಯಾಮೆರಾ ಅಂತದ."

"ನಾನು ಅದನ್ನು ಮುಟ್ಟಿಲ್ಲ."

"ನೀವು ಮುಟ್ಟಿಲ್ಲ, ಆಯಾ ಮುಟ್ಟಿಲ್ಲ. ಹಂಗಾದ್ರ ಗೋಡಿ ಮುಟ್ಟೇದೇನ್ರಿ?"

ಆಯಾಳನ್ನೂ ಕರೆಸಿ ಕೇಳಿದರು. ಆಕೆ ಪೊರಕೆಯನ್ನು ಬಾಗಿಲ ಹೊರಗಿಟ್ಟು, ಕೈ ಮುಗಿದು, ದೇವರ ಮುಂದೆ ನಿಂತವಳಂತೆ ಹೇಳಿದಳು.

"ಸಾಹೇಬ್ರ, ಸುಳ್ಳು ಹೇಳಂಗಿಲ್ಲ. ಮೇಡಂ ಬೆರಳ ಸೈತ ಹಚ್ಚಿಲ್ಲ. ಅವರು ಒಳಗ ಬಂದು ನೆಟ್ಟಗ ನಿಂತು ಒಂದ್ ಸಲ ನೋಡಿದ್ರು, ಅದು ತಾನೇ ಬಂದ್ ಆಯ್ತು. ವಾರ್ಡಿನಾಗ ನಮ್ದೂ ಹಂಗೇ ಆಗ್ತದ್ರಿ."

ಕಾರ್ಯದರ್ಶಿಗಳು ಕೆಮ್ಮಿದರು. ಮರುದಿನ, ಶುಕ್ರವಾರ, ನೋಟಿಸ್ ಬೋರ್ಡಿಗೆ ಕಾಗದ ಏರಿತು. ಅದರ ಫೋಟೊ ಭಾಲ್ಕಿಗೂ ಔರಾದಕ್ಕೂ ಹೋಯಿತು. ಆ ವಾರ ನಾನು ಬೋರ್ಡಿನ ಮುಂದೆ ನಡೆಯುವಾಗಲೆಲ್ಲ ಜನ ಛತ್ರಿಯ ಪ್ರಕಟಣೆಯನ್ನು ಬಹಳ ಗಮನವಿಟ್ಟು ಓದುತ್ತಿದ್ದರು.

೪. ಔರಾದದ ಅಜ್ಜ

ಮಂಗಳವಾರ ತಪಾಸಣೆಗೆ ಔರಾದಕ್ಕೆ ಹೋದೆ. ಉತ್ತರ ಕೊಡಲು ಉಳಿದದ್ದು ಮೂರೇ ದಿನ, ಬರೆಯಲು ಒಂದು ಸಾಲೂ ಇರಲಿಲ್ಲ.

ಅಲ್ಲಿಗೆ ಕಾಲಿನ ಹುಣ್ಣಿಗೆ ದಿನಾ ಪಟ್ಟಿ ಕಟ್ಟಿಸಿಕೊಳ್ಳಲು ಒಬ್ಬ ಅಜ್ಜ ಬರುತ್ತಾರೆ. ಅವರ ಬಸ್ಸು ಬರುವುದೇ ಒಂದೂವರೆಯ ಹೊತ್ತಿಗೆ. ಕೌಂಟರಿನ ಹುಡುಗಿ ಪಾಪ ದಿನಾ, "ಸರ್ವರ್ ಇಲ್ಲಜ್ಜ, ಐದ್ ಮಿನಿಟ್ ಕೂಡ್ರಿ, ಬರ್ತದ" ಎಂದು ಕೂರಿಸುತ್ತಿದ್ದಳು. ಊಟದ ಹೊತ್ತಿಗೆ ಎದ್ದು ಹೋಗುವ ಯಾರೋ ನೌಕರನಿರಬೇಕು ಎಂದು ಅಜ್ಜ ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು.

ನನ್ನ ಬಿಳಿ ಸೀರೆ ನೋಡಿ ಕೋಲೂರಿಕೊಂಡು ಹತ್ತಿರ ಬಂದರು.

"ಬೀದರದ ದೊಡ್ಡ ನರ್ಸಮ್ಮಾರು ನೀವೇ ಏನ್ರಿ? ನಿಮ್ಮ ಆ ಸರ್ವರ್ ಭಾಳ ಚಲೋ ಮನಶ್ಯಾ ನೋಡ್ರಿ. ಒಂದೂವರಿಗಿ ಉಣ್ಲಿಕ್ಕ ಹೋದ್ರ ಐದ್ ಮಿನಿಟಿಗಿ ಹಾಜರ್. ನಿಮ್ಮ ಡಾಕ್ಟರ್ ಸಾಹೇಬ್ರು ಹೋದ್ರ ನಾಕಕ್ಕ ಬರ್ತಾರ. ಡಾಕ್ಟರ್ ಕೆಲಸ ಅಂವಗೇ ಕೊಡ್ರಿ."

ಒಳಗಿನಿಂದ ಡಾಕ್ಟರು ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಅಜ್ಜ ಮುಂದುವರಿಸಿದರು.

"ಖರೇ, ಗುರುವಾರ ಮಾತ್ರ ಅಂವಾ ಉಣ್ಲಿಕ್ಕ ಹೋಗಂಗಿಲ್ಲ. ಗುರುವಾರ ಉಪಾಸ ಹಿಡದಾನೇನ್ರಿ?"

ಎಲ್ಲರೂ ನಕ್ಕರು. ನಾನು ಕೌಂಟರಿನ ಕಡೆ ತಿರುಗಿದೆ. ಹುಡುಗಿಯನ್ನು ಕೇಳಿದೆ, "ಗುರುವಾರ ಒಂದೂವರೆಗೆ ಸರ್ವರ್ ಬಂದ್ ಆಗುವುದಿಲ್ಲವೆ?"

"ಇಲ್ರಿ ಮೇಡಂ. ದೀಪಾವಳಿ ಆದಮ್ಯಾಲಿಂದ ಗುರುವಾರ ಹನ್ನೊಂದಕ್ಕ ಒಮ್ಮಿ ಆಗ್ತದ, ಮಧ್ಯಾಹ್ನ ಆಗಂಗಿಲ್ಲ."

"ಇದನ್ನು ನನಗೆ ಯಾಕೆ ಹೇಳಲಿಲ್ಲ?"

"ನೀವೇ ಬಂದ್ ಮಾಡ್ತೀರಂತ ನೋಟಿಸಿನಾಗ ಅದಲ್ರಿ. ನೀವ್ ಮಾಡಿದ್ದು ನಿಮಗೇ ಹ್ಯಾಂಗ್ ಹೇಳಬೇಕ್ರಿ?"

ಬೀದರಿನಲ್ಲಿ ಒಂದೂವರೆಗೆ ನಾವೆಲ್ಲ ಊಟಕ್ಕೆ ಎದ್ದಿರುತ್ತೇವೆ. ಗುರುವಾರ ಮಧ್ಯಾಹ್ನ ಅದು ನಿಂತಿತೇ ಇಲ್ಲವೇ ಎಂದು ನೋಡುವವರೇ ಇರಲಿಲ್ಲ. ಹಾಗಾದರೆ ಸರ್ವರ್ ಕೆಟ್ಟಿರಲಿಲ್ಲ, ನಾನೂ ಏನೂ ಮಾಡಿರಲಿಲ್ಲ. ಯಾರೋ ಗುರುವಾರದ ಟೈಮನ್ನು ಒಂದೂವರೆಯಿಂದ ಹನ್ನೊಂದಕ್ಕೆ ಎತ್ತಿಟ್ಟಿದ್ದರು. ಎಷ್ಟೋ ದಿನದ ಮೇಲೆ ಮೊದಲ ಸಲ ಭುಜ ಹಗುರಾಯಿತು. ಅಜ್ಜನ ಪಟ್ಟಿಯನ್ನು ನಾನೇ ಕೂತು ಕಟ್ಟಿದೆ. ನಾನು ಗಾಡಿ ಹತ್ತುವಾಗ ಅವರು ಹಿಂದಿನಿಂದ ಕೂಗಿ ಹೇಳಿದರು.

"ಅಮ್ಮಾರ, ಅಂವನ ಉಪಾಸ ಬಿಡಸಬ್ಯಾಡ್ರಿ. ದೇವರ ಕೆಲಸ ಅದ!"

೫. ಕಾರ್ಯದರ್ಶಿಗಳ ಮೇಜು

ಗುರುವಾರ ಹತ್ತು ಐವತ್ತಕ್ಕೆ ಸರ್ವರ್ ಕೋಣೆಗೆ ಬೀಗ ಹಾಕಿ, ಬಾಗಿಲಲ್ಲಿ ಆಯಾಳನ್ನು ನಿಲ್ಲಿಸಿ, ನಾನು ಕಾರ್ಯದರ್ಶಿಗಳ ಕೋಣೆಗೆ ಹೋದೆ. ಕೀಲಿಯನ್ನು ಅವರ ಮೇಜಿನ ಮೇಲಿಟ್ಟೆ. ಎದುರು ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡೆ.

"ಕೀಲಿ ಒಪ್ಪಸ್ಲಿಕ್ಕ ಬಂದೀರೇನ್ರಿ ಮೇಡಂ?"

"ಕೂಡಲಿಕ್ಕೆ ಬಂದಿದ್ದೇನೆ."

ಅವರು ಒಂದು ಫೈಲು ತೆರೆದರು, ಮುಚ್ಚಿದರು. "ಚಹಾ ತರಸ್ಲೇನ್ರಿ?"

"ಹನ್ನೊಂದರ ಮೇಲೆ ಕುಡಿಯುತ್ತೇನೆ."

ಗಡಿಯಾರ ಹನ್ನೊಂದಕ್ಕೆ ಬಂತು. ಅವರ ಮುಂದಿದ್ದ ಕಂಪ್ಯೂಟರ್ ನಿಂತಿತು. ಚೀಟಿ ಕೌಂಟರಿನಿಂದ ಗುರುವಾರದ ಗಲಾಟೆ ಎದ್ದಿತು. ಅವರು ಕಂಪ್ಯೂಟರ್ ನೋಡಿದರು, ಕೀಲಿ ನೋಡಿದರು, ನನ್ನ ಹತ್ತೂ ಬೆರಳುಗಳನ್ನು ನೋಡಿದರು.

"ಮೇಡಂ, ನೀವು ಇಲ್ಲೇ ಅದೀರಿ!"

"ಇದ್ದೇನೆ. ಈಗ ಇಂಜಿನಿಯರಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ."

ಇಂಜಿನಿಯರ್ ಮದುವೆ ಮುಗಿಸಿ ಬಂದಿದ್ದರು. ನಾನೇ ಕೇಳಿದೆ, "ಗುರುವಾರದ ಟೈಮ್ ಬದಲಿಸಲು ಹೇಳಿದವರು ಯಾರು?"

ಅವರು ದನಿ ತಗ್ಗಿಸಿದರು. "ಸಾಹೇಬ್ರು ಬಾಜೂಕ ಅದಾರೇನ್ರಿ ಮೇಡಂ?"

"ಇದ್ದಾರೆ."

"ಹಂಗಾದ್ರ ಚಲೋ ಆಯ್ತು. ಸಾಹೇಬ್ರ, ಶ್ರಾವಣದಾಗ ನೀವೇ ಫೋನ್ ಮಾಡಿ ಹೇಳಿದ್ರಲ್ರಿ, ಗುರುವಾರ ಒಂದೂವರಿಗಿ ರಾಹುಕಾಲ ಚಾಲೂ ಆಗ್ತದ, ಆ ಟೈಮಿಗಿ ಬಂದ್ ಮಾಡಿದ್ದು ಏಳಂಗಿಲ್ಲ, ಗುರುವಾರ ಒಂದಿನ ಹನ್ನೊಂದಕ್ಕ ಇಡು ಅಂತ. ನಂಗ ಭಾಳ ಕೆಲಸ ಇತ್ರಿ, ದೀಪಾವಳಿ ಆದಮ್ಯಾಲ ಇಟ್ಟೀನಿ. ಗಡಿಬಿಡಿಯಾಗ ಗುರುವಾರದ ಸೂಚನಾ ಹಾಕೋದು ಮರತೀನಿ. ತಡ ಆಯ್ತು ಸಾಹೇಬ್ರ, ಮಾಫ್ ಮಾಡ್ರಿ."

ಕಾರ್ಯದರ್ಶಿಗಳು ಹೇಳಿದ್ದನ್ನು ಮರೆತು ಮೂರು ತಿಂಗಳಾಗಿತ್ತು. ಈಗ ಒಂದೊಂದಾಗಿ ನೆನಪಾಗುತ್ತಿರುವುದು ಅವರ ಮುಖದ ಮೇಲೆ ಕಾಣುತ್ತಿತ್ತು. ಗೋಡೆಯ ಪಂಚಾಂಗದ ಕಡೆ ನೋಡಿದರು. ಅಷ್ಟರಲ್ಲಿ ಅವರ ಕಂಪ್ಯೂಟರ್ ಎದ್ದು ಕೂತಿತು. ಅವರ ಮುಖವೂ ಬೆಳಗಿತು.

"ನೋಡಿದ್ರೇನು ಮೇಡಂ! ಚಲೋ ಟೈಮಿಗಿ ಬಂದ್ ಮಾಡಿದ್ದಕ್ಕ ಹ್ಯಾಂಗ ನೆಟ್ಟಗ ಎದ್ದದ!"

ಅವರು ಆಯಾಳನ್ನು ಕರೆದು ಬೋರ್ಡಿನ ಮೇಲಿನ ಕಾಗದ ತೆಗೆಯಲು ಹೇಳಿದರು. ಆಕೆ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದರು, "ಈಗಿಂದೀಗ ತಗೀವ್ವ, ಒಂದೂವರಿ ದಾಟಗೊಡಬ್ಯಾಡ!"

ಆಮೇಲೆ ಕೀಲಿಯನ್ನು ನನ್ನ ಕಡೆ ಸರಿಸಿ, "ಆಯ್ತಲ್ರಿ ಮೇಡಂ, ಮುಗೀತು. ಚಹಾ ತರಸ್ಲಾ?" ಎಂದರು.

ಕೀಲಿ ತೆಗೆದುಕೊಂಡೆ. ಚಹಾ ಕುಡಿದೆ, ಚೆನ್ನಾಗಿತ್ತು. ಆದರೆ ಮುಗಿದಿಲ್ಲ. ಆ ಕಾಗದ ನನ್ನ ಹೆಸರು ಹೊತ್ತು ಆರು ದಿನ ಮೂರು ಊರಿನವರ ಕಣ್ಣ ಮುಂದೆ ಇತ್ತು. ಕಾರ್ಯದರ್ಶಿಗಳು ನನ್ನ ಕ್ಷಮೆ ಕೇಳಬೇಕು. ಬರವಣಿಗೆಯಲ್ಲಿ, ಸಹಿ ಹಾಕಿ, ಅದೇ ಬೋರ್ಡಿನ ಮೇಲೆ, ಆರು ದಿನ.