ನಿದ್ದೆಯಲ್ಲಿ ಅಂದ ಹ್ಞೂಂ

ಗೊರಕೆ ಹೊಡೆಯುತ್ತಿದ್ದ ಕಾಲದಲ್ಲಿ ನಾನು ಬಹಳ ಒಳ್ಳೆಯ ಮನುಷ್ಯನಾಗಿದ್ದೆ. ಇದು ನನ್ನ ಮಾತಲ್ಲ, ನನ್ನ ಹೆಂಡತಿ ಪಂಕಜಾಳದ್ದು. ಡಾಕ್ಟರು ಗೊರಕೆ ವಾಸಿಮಾಡಿದರು. ಅದರ ಜೊತೆಗೆ ನನ್ನ ಒಳ್ಳೆಯತನವೂ ಹೋಯಿತಂತೆ.

ನನ್ನ ಗೊರಕೆ ಸಾಮಾನ್ಯದ್ದಲ್ಲ. ನಾವಿರುವುದು ಕಾಮಾಕ್ಷಿಪಾಳ್ಯದಲ್ಲಿ, ಎಡಕ್ಕೊಂದು ಲೇತ್, ಬಲಕ್ಕೊಂದು ಗಾರ್ಮೆಂಟ್ಸು. ಸದ್ದಿಗೆ ಹೆದರುವವರು ಇಲ್ಲಿ ಬಾಡಿಗೆಗೂ ಬರುವುದಿಲ್ಲ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಲೇತ್‌ನ ಮುನಿರಾಮಯ್ಯನವರು ಬಾಗಿಲು ತಟ್ಟಿ, ಇಡೀ ಬೀದಿಗೇ ಕರೆಂಟಿಲ್ಲ, ನಿಮ್ಮ ಮನೆಯಲ್ಲಿ ಮಾತ್ರ ಯಾವ ಮಿಷನ್ನು ಓಡುತ್ತಿದೆ ಎಂದು ವಿಚಾರಿಸಿದರು. ಪಂಕಜಾ ಸುಮ್ಮನೆ ಆರಾಮ ಕುರ್ಚಿಯ ಕಡೆ ಕೈ ತೋರಿಸಿದಳಂತೆ.

ಆ ಕುರ್ಚಿಯೇ ನನ್ನ ಸಿಂಹಾಸನ. ಭಾನುವಾರ ಮುದ್ದೆ, ಬಸ್ಸಾರು ಮುಗಿಸಿ ಅದರಲ್ಲಿ ಒರಗಿದರೆ ಗೊರಕೆ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತಿತ್ತು (ನಿಲ್ಲುತ್ತಿದ್ದದ್ದು ಉಸಿರು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ). ಆಮೇಲೆ ಮೈಯೆಲ್ಲ ಒಮ್ಮೆ ಅದುರಿ, ತಲೆ ಎದೆಯ ಕಡೆ ಬಾಗಿ, 'ಹ್ಞೂಂ' ಎಂದು ಹೊರಬೀಳುತ್ತಿತ್ತು. ನಮ್ಮ ಮನೆಯಲ್ಲಿ ಇದಕ್ಕೆ ಯಜಮಾನರ ಒಪ್ಪಿಗೆ ಎಂದು ಹೆಸರಿತ್ತಂತೆ. ಹಳೆಯ ಮಂಚ ಮಾರಿದ್ದು, ಅಡುಗೆಮನೆಗೆ ಗುಲಾಬಿ ಬಣ್ಣ ಹೊಡೆಸಿದ್ದು, ತನ್ನ ತಂಗಿಯ ಮಕ್ಕಳನ್ನು ಬೇಸಿಗೆಗೆಂದು ಕರೆಸಿ ಮಳೆಗಾಲದವರೆಗೆ ಇಟ್ಟುಕೊಂಡದ್ದು, ಎಲ್ಲವನ್ನೂ ಪಂಕಜಾ ಸಾಧಿಸಿದ್ದು ಈ ಹ್ಞೂಂಕಾರದ ಬಲದಿಂದ. ಎದ್ದಮೇಲೆ ನಾನು ಆಕ್ಷೇಪಿಸಿದರೆ, "ನಿಮ್ಮನ್ನ ಕೇಳೇ ಮಾಡಿದ್ದು ಕಣ್ರೀ" ಎನ್ನುತ್ತಿದ್ದಳು. ನನಗೇ ಮರೆವು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಒಂದು ಭಾನುವಾರ ಕಣ್ಣು ಬಿಟ್ಟಾಗ ಮಗಳು ಮಾನಸ ನನ್ನ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಯಾವುದೋ ಹಬ್ಬವಿರಬೇಕು ಎಂದುಕೊಂಡೆ. "ಒಳ್ಳೇದಾಗ್ಲಿ ಕಣಮ್ಮ" ಎಂದು ತಲೆ ಸವರಿ ಮತ್ತೆ ಒರಗಿದೆ.

ಗೊರಕೆಗೆ ಔಷಧ ಮಾಡಿರಲಿಲ್ಲವೆಂದಲ್ಲ. ಮೂಗಿಗೆ ತುಪ್ಪ ಬಿಟ್ಟಾಗಿತ್ತು. ಅಂಗಾತ ಮಲಗಬಾರದೆಂದು ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದಾಗಿತ್ತು (ಚೆಂಡಿನ ಮೇಲೂ ನಾನು ಸೊಗಸಾಗಿ ನಿದ್ದೆ ಮಾಡಿದೆ). ಕೊನೆಗೊಂದು ದಿನ ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲೇ ನಿದ್ದೆ ಹೋದೆ. ಟ್ರಾಫಿಕ್ ಪೊಲೀಸಿನವರು ಹೆಲ್ಮೆಟ್ ಮೇಲೆ ಕುಟ್ಟಿ ಎಬ್ಬಿಸಬೇಕಾಯಿತು. ಪಂಕಜಾ ಹೆದರಿ, ರಾಜಾಜಿನಗರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಅವರು ಮೈಗೆಲ್ಲ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಕತ್ತು ದಪ್ಪಗಾಗಿದೆ, ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ, ರಾತ್ರಿಯಿಡೀ ಮಲಗಿದರೂ ನಿದ್ದೆ ಆಗಿರುವುದಿಲ್ಲ, ಅದಕ್ಕೇ ಹಗಲು ತೂಕಡಿಕೆ, ಹೀಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು ಎಂದರು. ತೂಕ ಇಳಿಸಲು ಹೇಳಿ, ರಾತ್ರಿ ಮೂಗಿಗೆ ಗಾಳಿ ಊದುವ ಒಂದು ಮಿಷನ್ನು ಬರೆದುಕೊಟ್ಟರು. ಅದರ ಕೊಳವೆ ಸಿಕ್ಕಿಸಿಕೊಂಡರೆ ನಾನು ಥೇಟ್ ಗಣಪತಿ. ಹೊಟ್ಟೆಯಂತೂ ಮೊದಲೇ ಇತ್ತು.

ಗೊರಕೆ ನಿಂತಿತು. ಮಂಪರು ಹರಿಯಿತು. ಕುರ್ಚಿಯಲ್ಲಿ ಒರಗಿದರೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿರುತ್ತಿದ್ದೆ. ಹೀಗೆ ಕೂತಿದ್ದಾಗಲೇ ಮಾನಸ ಬಂದು, ಮುಂದಿನ ಭಾನುವಾರ ವೀರೇಶನ ಅಪ್ಪ ಅಮ್ಮ ಕೊಪ್ಪಳದಿಂದ ಮಾತುಕತೆಗೆ ಬರುತ್ತಾರೆ ಎಂದಳು.

"ಯಾವ ವೀರೇಶ?" ಎಂದೆ.

ಆಗ ವಿಷಯ ಹೊರಬಿತ್ತು. ಪೀಣ್ಯದಲ್ಲಿ ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲೇ ಅವನು ಸೂಪರ್‌ವೈಸರು, ಲಗ್ಗೆರೆಯಲ್ಲಿ ರೂಮು. ಅವನನ್ನು ಮದುವೆಯಾಗಲೇ ಎಂದು ಅವಳು ಕೇಳಿದ್ದಳಂತೆ, ನಾನು ಹ್ಞೂಂ ಎಂದಿದ್ದೆನಂತೆ. ಅವತ್ತಿನ ಕಣ್ಣೀರು ಆ ಸಂತೋಷದ್ದು. ನಮ್ಮಪ್ಪ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ, ಕಣ್ಣು ಮುಚ್ಚಿಕೊಂಡು ಒಪ್ಪಿದರು ಎಂದು ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದಳು (ಕಣ್ಣು ಮುಚ್ಚಿದ್ದಂತೂ ನಿಜ).

ನಾನು ಗಂಟಲು ಸರಿಮಾಡಿಕೊಂಡೆ. ನಿದ್ರಾವಸ್ಥೆಯಲ್ಲಿ ಹೊರಡಿಸಿದ ಸಕಲ ಆಜ್ಞೆಗಳೂ ಈ ಕ್ಷಣದಿಂದ ರದ್ದು, ಬೇಕಾದವರು ಎಚ್ಚರವಿರುವಾಗ ಮತ್ತೆ ಕೇಳತಕ್ಕದ್ದು ಎಂದು ಘೋಷಿಸಿದೆ. ಪಾಪ, ಅವಳು ಮತ್ತೆ ಕೇಳಿದಳು. ನಾನು ಪ್ರಶ್ನೆ ಶುರುಮಾಡಿದೆ. ಯಾವ ಜನ, ಸ್ವಂತ ಮನೆ ಇದೆಯೇ, ಅಕ್ಕತಂಗಿಯರು ಎಷ್ಟು ಮಂದಿ, ಮುದ್ದೆ ತಿಂದು ಬೆಳೆದ ನಿನಗೆ ಜೋಳದ ರೊಟ್ಟಿ ತಟ್ಟಲು ಬರುತ್ತದೆಯೇ. ಮೊದಮೊದಲು ಉತ್ತರ ಕೊಟ್ಟಳು. ರೊಟ್ಟಿಯ ಹೊತ್ತಿಗೆ ಅವಳಿಗೆ ಸಾಕಾಯಿತು.

"ಬಿಡಿ ಅಪ್ಪ. ನಿದ್ದೇಲಿದ್ದಾಗ್ಲೇ ನೀವು ಎಷ್ಟೋ ವಾಸಿ ಇದ್ರಿ," ಎಂದು ಒಳಗೆ ಹೋದಳು.

ಸಂಜೆ ಕೊಪ್ಪಳಕ್ಕೆ ಫೋನು ಮಾಡಿ, ಸದ್ಯಕ್ಕೆ ಬರುವುದು ಬೇಡ ಎಂದಳು. ಮೊದಲಾಗಿದ್ದರೆ ನನಗೆ ಕೇಳಿಸುತ್ತಿರಲಿಲ್ಲ. ಈಗ ಒಂದೊಂದು ಮಾತೂ ಕೇಳಿಸಿತು, ಫೋನಿಟ್ಟು ಅವಳು ಮೂಗು ಒರೆಸಿಕೊಂಡದ್ದೂ ಕೇಳಿಸಿತು. ಹುಡುಗನ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಎಚ್ಚರವಾಗಿದ್ದೇನೆಂದು ತೋರಿಸಿಕೊಳ್ಳಬೇಕಿತ್ತು, ಅಷ್ಟೇ. ಒಳಗೆ ಹೋಗಿ ಆಗಲಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಂದ ಮಾತನ್ನು ಎಚ್ಚರದಲ್ಲಿ ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ವಂಶದಲ್ಲಿ ಇಲ್ಲ.

ಅವರು ಬರಬೇಕಾಗಿದ್ದ ಭಾನುವಾರ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದೆ. ಕಣ್ಣು ಮುಚ್ಚಿ, ಬಾಯಿ ತೆರೆದು ಗೊರಕೆ ಹೊಡೆದೆ. ನನ್ನ ಗೊರಕೆಯನ್ನು ನಾನೆಂದೂ ಕೇಳಿದವನಲ್ಲ, ಹಾಗಾಗಿ ಅಂದಾಜಿನ ಮೇಲೆ ಹೊಡೆದೆ. ಮಾನಸಳ ಹೆಜ್ಜೆ ಹತ್ತಿರ ಬಂದು ನಿಂತಿತು. ಕೇಳು ಮಗಳೇ, ಇನ್ನೊಂದೇ ಒಂದು ಸಲ ಕೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹ್ಞೂಂ ಗಂಟಲಿನಲ್ಲೇ ಸಿದ್ಧವಾಗಿತ್ತು.

"ಅಪ್ಪಾ," ಎಂದಳು.

ಅಡುಗೆಮನೆಯಿಂದ ಪಂಕಜಾಳ ದನಿ ಬಂತು. "ಏನೂ ಕೇಳ್ಬೇಡ ಕಣೇ. ಎಚ್ಚರವಾಗಿದಾರೆ."

ಹೆಜ್ಜೆ ಹಿಂದಕ್ಕೆ ಹೋಯಿತು. ತಡೆಯಲಾರದೆ ಗಟ್ಟಿಯಾಗಿ 'ಹ್ಞೂಂ' ಎಂದೆ. ಯಾರೂ ಬರಲಿಲ್ಲ. ಮತ್ತೂ ಗಟ್ಟಿಯಾಗಿ 'ಹ್ಞೂಂ, ಹ್ಞೂಂ' ಎಂದೆ.

"ಕಾಫಿ ಬೇಕೇನೋ ನೋಡು," ಎಂದಳು ಪಂಕಜಾ.

ಮಾನಸ ಕಾಫಿ ತಂದು ಕುರ್ಚಿಯ ಪಕ್ಕ ಇಟ್ಟಳು. ಏನೂ ಕೇಳದೆ ಹೋದಳು.