ನಾಲ್ಕನೇ ಸಲ ನಿಂತರೆ ಅರಿಶಿನಕುಂಟೆ

ಕಂಪ್ಯೂಟರ್ ತಾನಾಗಿ ಕೆಡೋದು ಕಡಿಮೆ. ಜನ ಅದನ್ನ ಚೆನ್ನಾಗಿ ನೋಡ್ಕೊಳ್ಳೋಕೆ ಹೋದಾಗ ಕೆಡೋದೇ ಜಾಸ್ತಿ. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ತಿಂಗಳಿಗೆ ಒಂದಾದರೂ ಇಂಥದ್ದು ನಡೀದೆ ಹೋದರೆ, ಎಲ್ಲೋ ಏನೋ ದೊಡ್ಡದಕ್ಕೆ ತಯಾರಿ ನಡೀತಿದೆ ಅಂತ ನನಗೆ ಅನುಮಾನ ಶುರುವಾಗುತ್ತೆ.

ಹೊಸಕೋಟೆ ಹತ್ತಿರ ಪಿಲ್ಲಗುಂಪೆಯಲ್ಲಿ ಗಾಡಿಗಳಿಗೆ ರಬ್ಬರ್ ಬುಷ್ ಮಾಡೋ ಒಂದು ಕಾರ್ಖಾನೆ. ಅಲ್ಲಿ ಡೇಟಾಬೇಸ್ ನೋಡ್ಕೊಳ್ಳೋಳು ನಾನು. ಸರಕು, ಬಿಲ್ಲು, ಹಾಜರಿ, ಗೇಟ್ ಪಾಸು ಎಲ್ಲಾ ಸರ್ವರ್ ಅನ್ನೋ ಒಂದು ದೊಡ್ಡ ಪೆಟ್ಟಿಗೆಯಲ್ಲಿದೆ. ಅದರ ಬಾಗಿಲಲ್ಲಿ ಲಿಸನರ್ ಅನ್ನೋ ಪುಟ್ಟ ಪ್ರೋಗ್ರಾಂ ಕೂತಿರುತ್ತೆ. ಯಾರಾದರೂ ತಮ್ಮ ಸೀಟಿನಿಂದ ಲಾಗಿನ್ ಆದರೆ, ಯಾರು ಏನು ಅಂತ ವಿಚಾರಿಸಿ ಒಳಗೆ ಬಿಡೋದು ಅದರ ಕೆಲಸ. ಬಿಡದೆ ಇದ್ದಾಗ ಬೈಸಿಕೊಳ್ಳೋದು ನನ್ನ ಕೆಲಸ.

ನಾನು ಕಾರ್ಖಾನೆಯವಳಲ್ಲ, ಬೇರೆ ಕಂಪನಿಯಿಂದ ಕಾಂಟ್ರಾಕ್ಟ್ ಮೇಲೆ ಬಂದವಳು. ಅದಕ್ಕೆ ಇಲ್ಲಿನ ಮ್ಯಾನೇಜರ್ ಒಂದು ರಿಜಿಸ್ಟರ್ ಮಾಡಿದ್ದಾರೆ. ಸಿಸ್ಟಮ್ ನಿಂತ ದಿನ, ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು. ವರ್ಷದಲ್ಲಿ ನಾಲ್ಕು ಸಲ ನಿಂತರೆ ನನ್ನ ಜಾಗಕ್ಕೆ ಬೇರೆಯವರು. ನಮ್ಮ ಕಂಪನಿಯಲ್ಲಿ ಆಗ ಖಾಲಿ ಇದ್ದದ್ದು ಒಂದೇ ಜಾಗ, ನೆಲಮಂಗಲದ ಹತ್ತಿರ ಅರಿಶಿನಕುಂಟೆಯ ಗೋಡೌನು. ನಮ್ಮೂರು ನಂದಗುಡಿ ಕಡೆ. ಪಿಲ್ಲಗುಂಪೆಗೆ ಸ್ಕೂಟಿಯಲ್ಲಿ ಮುಕ್ಕಾಲು ಗಂಟೆ. ಅರಿಶಿನಕುಂಟೆ ಅಂದರೆ ದಿನಾ ಎರಡು ಸಲ ಇಡೀ ಬೆಂಗಳೂರನ್ನ ದಾಟಬೇಕು. ನಮ್ಮತ್ತೆಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಹೋದ ದಿನಾನೇ ವಾಪಸ್ ಬರ್ತೀಯಾ?"

ಆಗ್ನೇಯ ಮೂಲೆ

ಒಂದು ಸೋಮವಾರ ಬೆಳಿಗ್ಗೆ ಹೆಲ್ಮೆಟ್ ಕೂಡ ತೆಗೆದಿಲ್ಲ, ಮ್ಯಾನೇಜರ್ ಬಾಗಿಲಲ್ಲೇ ಹಿಡಿದರು. "ಏನ್ರೀ ಮೇಡಂ, ಒಂದು ಸಿಸ್ಟಮ್ಮೂ ಕನೆಕ್ಟ್ ಆಗ್ತಿಲ್ಲ!"

ಸರ್ವರ್ ರೂಮಿಗೆ ಓಡಿದೆ. ರೂಮಿತ್ತು, ಸರ್ವರ್ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಒಂದು ತಾಮ್ರದ ಚೊಂಬು, ಅದರ ತುಂಬ ನೀರು, ಮೇಲೊಂದು ದಾಸವಾಳ.

"ಸರ್, ಸರ್ವರ್ ಎಲ್ಲಿ?"

"ಶಿಫ್ಟ್ ಮಾಡಿಸಿದ್ದೀವಿ. ನಿನ್ನೆ ವಾಸ್ತುನವರು ಬಂದಿದ್ರು. ಈಶಾನ್ಯದಲ್ಲಿ ಇಷ್ಟು ಬಿಸಿ ಇಟ್ಕೊಂಡ್ರೆ ಆರ್ಡರ್ ಎಲ್ಲಿಂದ ಬರುತ್ತೆ ಅಂದ್ರು. ಅದು ನೀರಿನ ಮೂಲೆಯಂತೆ. ಬಿಸಿಯಾಗೋದೆಲ್ಲಾ ಆಗ್ನೇಯಕ್ಕೆ ಹೋಗ್ಬೇಕಂತೆ."

ನಮ್ಮ ಕಾರ್ಖಾನೆಯ ಆಗ್ನೇಯದಲ್ಲಿ ಕ್ಯಾಂಟೀನ್ ಇದೆ. ಅಕ್ಕಿ ಮೂಟೆಗೂ ಸಾಂಬಾರ್ ಪಾತ್ರೆಗೂ ನಡುವೆ ನಮ್ಮ ಸರ್ವರ್ ಹಸಿರು ದೀಪ ಮಿಟುಕಿಸಿಕೊಂಡು ಕೂತಿತ್ತು. ಕೇಬಲ್ಲನ್ನ ಅಲ್ಲಿದ್ದ ಬೇರೆ ಸಾಕೆಟ್ಟಿಗೆ ಚುಚ್ಚಿದ್ದರು. ಹಾಗಾಗಿ ಅದರ ವಿಳಾಸವೇ ಬದಲಾಗಿತ್ತು. ಮನೆ ಬದಲಾಯಿಸಿ ಯಾರಿಗೂ ಹೇಳದೆ ಇದ್ದ ಹಾಗೆ. ಎಲ್ಲರ ಕಂಪ್ಯೂಟರೂ ಹಳೇ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿ ವಾಪಸ್ ಬರ್ತಿದ್ದವು. ಒಗ್ಗರಣೆ ಘಾಟಿನಲ್ಲಿ ಸೀನುತ್ತಾ ಲಿಸನರಿಗೂ ಎಲ್ಲಾ ಸೀಟುಗಳಿಗೂ ಹೊಸ ವಿಳಾಸ ಬರೆದು ಮುಗಿಸೋ ಹೊತ್ತಿಗೆ ಮಧ್ಯಾಹ್ನ ಹನ್ನೆರಡೂವರೆ.

ಅಷ್ಟರಲ್ಲಿ ಮ್ಯಾನೇಜರ್ ವಾಸ್ತುನವರಿಗೆ ಫೋನ್ ಮಾಡಿ ಕೇಳಿದ್ದರಂತೆ. "ಜಾಗ ಬದಲಾದಾಗ ಅರ್ಧ ದಿನ ಕಾಟ ಇದ್ದೇ ಇರುತ್ತೆ. ಊಟದ ಹೊತ್ತಿಗೆ ತಾನಾಗೇ ಸರಿಹೋಗುತ್ತೆ," ಅಂದಿದ್ದರಂತೆ ಅವರು.

"ನೋಡಿದ್ರಾ ಮೇಡಂ, ಹೇಳಿದ ಟೈಮಿಗೆ ಸರಿಹೋಯ್ತು!"

ಮುಂದಿನ ವಾರ ವಾಸ್ತುನವರನ್ನ ಕರೆಸಿ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ರಿಜಿಸ್ಟರಿನಲ್ಲಿ ಒಂದನೇ ಸಾಲು ನನಗೆ ಕೊಟ್ಟರು.

ವಯರಿಗೆ ಪೂಜೆ

ನಮ್ಮ ಎಲೆಕ್ಟ್ರಿಷಿಯನ್ ಐವತ್ತು ದಾಟಿದವರು, ಮಹಾ ದೈವಭಕ್ತರು. ಆಯುಧಪೂಜೆ ದಿನ ಎಲ್ಲರೂ ತಮ್ಮ ತಮ್ಮ ಮಾನಿಟರಿಗೆ ಬೊಟ್ಟಿಟ್ಟು, ಹೂವು ಸಿಕ್ಕಿಸಿ, ಕಡ್ಲೆಪುರಿ ಈಸ್ಕೊಂಡು ಮನೆಗೆ ಹೋದರು. ಇವರಿಗೆ ಸಮಾಧಾನ ಆಗಲಿಲ್ಲ.

ರಜೆ ಮುಗಿಸಿ ಬಂದರೆ ಒಂದೊಂದೇ ಸೀಟಿನಿಂದ ಕೂಗು. ಒಬ್ಬರಿಗೆ ಸರ್ವರ್ ಸಿಗ್ತಿಲ್ಲ, ಇನ್ನೊಬ್ಬರಿಗೆ ಸಿಕ್ಕಿದ್ದು ಅರ್ಧಕ್ಕೇ ಹೋಯ್ತು. ಲಿಸನರ್ ನೋಡಿದೆ, ಚೆನ್ನಾಗಿತ್ತು. ಸರ್ವರ್ ಚೆನ್ನಾಗಿತ್ತು. ನನ್ನ ಸೀಟಿನಿಂದ ಎಲ್ಲಾ ಸರಾಗ. ತಲೆ ಕೆಟ್ಟು ಒಂದು ಕೇಬಲ್ ಕಿತ್ತು ನೋಡಿದೆ. ಅದರ ತುದಿಯ ತಾಮ್ರದ ಹಲ್ಲುಗಳ ಮೇಲೆ ಮೊದಲು ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಗಂಧ. ಎರಡು ದಿನದಲ್ಲಿ ಒಣಗಿ ಗಾರೆ ಹಾಗೆ ಗಟ್ಟಿಯಾಗಿತ್ತು.

"ಇದೇನಣ್ಣಾ ಹಿಂಗೆ ಮಾಡಿದ್ದೀರಾ?"

"ಮತ್ತೆ ಮೇಡಂ! ಡಬ್ಬದ ಮೇಲೆ ಬೊಟ್ಟಿಟ್ರೆ ಏನು ಬಂತು? ಶಕ್ತಿ ಓಡಾಡೋದು ವಯರಲ್ಲಿ ತಾನೇ? ಕ್ಯಾಂಟೀನಿಗೆ ಬೀಗ ಹಾಕಿದ್ರು, ಇಲ್ದಿದ್ರೆ ಸರ್ವರಿಗೂ ಮಾಡ್ತಿದ್ದೆ."

ಹಲ್ಲುಜ್ಜೋ ಬ್ರಷ್ಷು, ಒಂದು ಬಾಟ್ಲು ಸ್ಪಿರಿಟ್ಟು ತರಿಸಿಕೊಂಡು ಇಪ್ಪತ್ತಾರು ಕೇಬಲ್ಲು ಉಜ್ಜಿದೆ. ಮ್ಯಾನೇಜರ್ ಎರಡನೇ ಸಾಲು ಬರೆದರು. ಕಾರಣ ಅನ್ನೋ ಕಾಲಮ್ಮಿನಲ್ಲಿ ಪೂಜೆ ಅಂತ ಬರೆದರೆ ಅಪಚಾರ ಆಗುತ್ತೆ ಅಂತ ಯೋಚನೆ ಮಾಡಿ, "ಮೇಂಟೆನೆನ್ಸ್ ಸರಿಯಿಲ್ಲ" ಅಂತ ಬರೆದರು.

ಸಂಜೆ ಎಲೆಕ್ಟ್ರಿಷಿಯನ್ ನನ್ನ ಸೀಟಿನ ಹತ್ತಿರ ಬಂದರು. ಮುಖ ಸಣ್ಣದಾಗಿತ್ತು. "ತಪ್ಪು ತಿಳ್ಕೋಬೇಡಿ ಮೇಡಂ. ಎಲ್ಲಾರದ್ದೂ ಮಾಡಿ ನಿಮ್ಮದೊಂದು ಮರೆತೇಬಿಟ್ಟಿದ್ದೆ," ಅಂದವರೇ, ನಾನು ಬೇಡ ಅನ್ನೋದರೊಳಗೆ ನನ್ನ ಕೇಬಲ್ ಕಿತ್ತು ಅದಕ್ಕೂ ಹಚ್ಚಿದರು.

ಕಡತ

ಗೇಟ್ ಪಾಸು, ಹಾಜರಿ ನೋಡ್ಕೊಳ್ಳೋ ಆಫೀಸರು ಹಿಂದೆ ತಾಲೂಕು ಕಚೇರಿಯಲ್ಲಿದ್ದು ರಿಟೈರ್ ಆಗಿ ಇಲ್ಲಿಗೆ ಬಂದವರು. ಅವರ ಕುರ್ಚಿಯ ಬೆನ್ನಿಗೂ ನನ್ನ ಕುರ್ಚಿಯ ಬೆನ್ನಿಗೂ ನಡುವೆ ಎರಡು ಮೊಳ ದೂರ. ಅವರು ಸೀನಿದರೆ ನನ್ನ ಟೇಬಲ್ ಮೇಲಿನ ಕಾಗದ ಹಾರುತ್ತೆ.

ಒಂದಿನ ನನ್ನ ಟೇಬಲ್ಲಿಗೆ ಒಂದು ಫೈಲ್ ಬಂತು. ಒಳಗೆ ಬಿಳೀ ಹಾಳೆಯಲ್ಲಿ ಮುತ್ತಿನಂಥ ಅಕ್ಷರ. "ವಿಷಯ: ಗಣಕಯಂತ್ರವು ಸಂಪರ್ಕ ಹೊಂದದಿರುವ ಬಗ್ಗೆ." ಕೆಳಗೆ ಪರದೆ ಮೇಲೆ ಬಂದಿದ್ದ ಎರರ್, ಒಂದಕ್ಷರ ಬಿಡದೆ ಕಾಪಿ ಮಾಡಿದ್ದು. ಕೊನೆಯಲ್ಲಿ "ಸೂಕ್ತ ಕ್ರಮಕ್ಕಾಗಿ." ದಿನಾಂಕ ನೋಡಿದರೆ ನಾಲ್ಕು ದಿನದ ಹಿಂದಿನದು. ಅದು ಟಪಾಲಿಗೆ ಹೋಗಿ, ಅಲ್ಲಿಂದ ಮ್ಯಾನೇಜರ್ ಟೇಬಲ್ಲಿಗೆ ಹೋಗಿ, ಅವರ ಇನಿಶಿಯಲ್ ಪಡೆದು, ನನಗೆ ತಲುಪೋಕೆ ನಾಲ್ಕು ದಿನ ಹಿಡಿದಿತ್ತು.

ಕುರ್ಚಿ ತಿರುಗಿಸಿದೆ. "ಸರ್, ನಾನು ನಿಮ್ಮ ಹಿಂದೇನೇ ಇರ್ತೀನಲ್ಲ. ತಿರುಗಿ ಒಂದು ಮಾತು ಹೇಳಬಾರದಾಗಿತ್ತಾ?"

"ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಎಲ್ಲಿರುತ್ತಮ್ಮಾ?"

ಎದ್ದು ಹೋಗಿ ಅವರ ಮೌಸ್ ಒತ್ತಿದೆ. ತಕ್ಷಣ ಲಾಗಿನ್ ಆಯ್ತು. ಆವತ್ತು ಯಾವುದೋ ಗಳಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಸಂಪರ್ಕ ತಪ್ಪಿತ್ತು. ಐದು ನಿಮಿಷ ಬಿಟ್ಟು ನೋಡಿದ್ದರೆ ಸರಿಯಿರೋದು.

"ಸರ್, ಇದು ಆವತ್ತೇ ಸರಿಹೋಗಿದೆ. ನಾಲ್ಕು ದಿನದಿಂದ ಸುಮ್ನೆ ಕೂತಿದ್ದೀರಲ್ಲ!"

"ಕಡತ ಚಲಾವಣೆಯಲ್ಲಿರೋವಾಗ ನಾನು ಹೆಂಗೆ ಮುಟ್ಟಲಿ?"

ಆ ನಾಲ್ಕು ದಿನದ ಗೇಟ್ ಪಾಸುಗಳನ್ನೆಲ್ಲಾ ಅವರು ಕೈಯಲ್ಲೇ ಬರೆದಿದ್ದರು. ಹಾಗಾಗಿ ರಿಜಿಸ್ಟರಿನಲ್ಲಿ ಮೂರನೇ ಸಾಲು: "ನಾಲ್ಕು ದಿನ ಸ್ಥಗಿತ." ಅದನ್ನ ನೋಡಿ ಲೆಕ್ಕ ಹಾಕಿದೆ, ಇನ್ನುಳಿದಿರೋದು ಒಂದೇ ಸಾಲು. ಮಗಳು ಏಳನೇ ಕ್ಲಾಸು. ಆರು ಗಂಟೆಗೆ ಮನೆ ಸೇರೋ ಅಮ್ಮ ಇನ್ನು ಮೇಲೆ ಒಂಬತ್ತಕ್ಕೆ ಅಂದರೆ ಅವಳ ಗತಿ ಏನು, ನನ್ನ ಗತಿ ಏನು? ಕೋಪ ನುಂಗಿಕೊಂಡು, ಫೈಲಿನಲ್ಲಿ "ಸರಿಪಡಿಸಲಾಗಿದೆ" ಅಂತ ಬರೆದು, ಕೂತಲ್ಲಿಂದಲೇ ಕೈ ಚಾಚಿ ಅವರಿಗೆ ಕೊಡೋಕೆ ಹೋದೆ.

ಅವರು ತೆಗೆದುಕೊಳ್ಳಲಿಲ್ಲ. "ಟಪಾಲಿನಲ್ಲಿ ಕಳಿಸಮ್ಮಾ," ಅಂದರು.

ಹದಿನೆಂಟು ದಿನದ ಸೀಟು

ಸ್ಟೋರ್ಸಿನ ಹಿರಿಯ ಗುಮಾಸ್ತರಿಗೂ ನನಗೂ ಒಂದೇ ಜಗಳ. ಅವರು ಲಾಗಿನ್ ಆದರೆ ಆಚೆ ಬರೋದೇ ಇಲ್ಲ. ಸಂಜೆ ಮಾನಿಟರ್ ಮಾತ್ರ ಆರಿಸಿ, ಕೀಬೋರ್ಡ್ ಮೇಲೆ "ಮುಟ್ಟಬೇಡಿ" ಅನ್ನೋ ರಟ್ಟು ಇಟ್ಟು ಮನೆಗೆ ಹೋಗ್ತಾರೆ.

"ದಿನಾ ಲಾಗ್‌ಔಟ್ ಮಾಡಿ ಅಂತ ಎಷ್ಟು ಸಲ ಹೇಳೋದು?"

"ಬಿಡು ಅಮ್ಮಣ್ಣಿ. ಹೊಸಕೋಟೆ ಬಸ್ಸಲ್ಲಿ ಸೀಟು ಸಿಕ್ಕಿದ ಮೇಲೆ ಯಾರಾದ್ರೂ ಎದ್ದು ಮತ್ತೆ ಹತ್ತಿ ನೋಡ್ತಾರಾ?"

ಒಂದು ಶನಿವಾರ ಮಧ್ಯಾಹ್ನ ಪರ್ಮಿಷನ್ ತಗೊಂಡು ಮಗಳ ಸ್ಕೂಲ್ ಮೀಟಿಂಗಿಗೆ ಹೋಗಿದ್ದೆ. ಫೋನ್ ಬಂತು. ಎಲ್ಲಾ ಸೀಟಿನಲ್ಲೂ "ಲಿಸನರ್ ಇಲ್ಲ" ಅಂತ ಬರ್ತಿದೆ, ಗೇಟಲ್ಲಿ ಲಾರಿ ನಿಂತಿದೆ, ಐದು ಗಂಟೆಯೊಳಗೆ ಬಿಲ್ಲು ಮಾಡಿ ಕಳಿಸದಿದ್ದರೆ ಗಿರಾಕಿಯ ಕಾರ್ಖಾನೆಯೇ ನಿಲ್ಲುತ್ತೆ. ನಾಲ್ಕನೇ ಸಾಲು! ಟೀಚರಮ್ಮ ಮಗಳ ಗಣಿತದ ಬಗ್ಗೆ ಏನೋ ಹೇಳ್ತಿದ್ದರು, ಅವರಿಗೆ ಕೈ ಮುಗಿದು ಸ್ಕೂಟಿ ಹತ್ತಿದೆ.

ಕಾರ್ಖಾನೆ ತಲುಪಿದರೆ ಗಲಾಟೆಯೇ ಇಲ್ಲ. ಸ್ಟೋರ್ಸಿನ ಮುಂದೆ ಶಿಸ್ತಾಗಿ ಒಂದು ಕ್ಯೂ. ಆಗ ಹೊಳೀತು. ಲಿಸನರ್ ಬೇಕಾಗೋದು ಒಳಗೆ ಹೋಗೋವರೆಗೆ ಮಾತ್ರ. ಈಗಾಗಲೇ ಒಳಗಿರೋರಿಗೆ ಬಾಗಿಲಲ್ಲಿ ಯಾರಿದ್ದರೂ ಇಲ್ಲದಿದ್ದರೂ ಒಂದೇ. ಮಿಕ್ಕವರೆಲ್ಲಾ ಊಟಕ್ಕೆ ಏಳೋವಾಗ ಲಾಗ್‌ಔಟ್ ಆಗಿದ್ದರು, ನನ್ನ ಮಾತು ಕೇಳಿ. ಹದಿನೆಂಟು ದಿನದಿಂದ ಒಳಗೇ ಇದ್ದ ಗುಮಾಸ್ತರೊಬ್ಬರದ್ದು ಮಾತ್ರ ನಡೀತಿತ್ತು.

"ನೂಕಬೇಡಿ, ಒಬ್ಬೊಬ್ಬರಾಗಿ ಬನ್ನಿ!" ಅವರ ಬಲಗೈ ಮೌಸ್ ಬಿಟ್ಟು ಕದಲಲಿಲ್ಲ. ಎಡಗೈಗೆ ಯಾರೋ ಟೀ ಕೊಟ್ಟರು, ಇನ್ಯಾರೋ ಬೋಂಡ ಬಾಯಿಗೇ ಇಟ್ಟರು.

ಲಿಸನರ್ ಬಂದು ಹೋದವರ ಲೆಕ್ಕವನ್ನೆಲ್ಲಾ ಒಂದು ಫೈಲಿನಲ್ಲಿ ಬರೆದಿಡುತ್ತೆ. ಆ ಫೈಲ್ ತುಂಬಿ ತುಳುಕಿ ಇದಕ್ಕೆ ಉಸಿರು ಕಟ್ಟಿತ್ತು. ಹಳೇದನ್ನ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದೆ, ಹತ್ತು ನಿಮಿಷದ ಕೆಲಸ. ಓಡಿ ಬಂದು ಹೇಳಿದೆ, "ಸರಿಹೋಯ್ತು! ಎಲ್ಲಾ ನಿಮ್ಮ ನಿಮ್ಮ ಸೀಟಿಗೆ ಹೋಗಬಹುದು."

ಒಬ್ಬರೂ ಅಲ್ಲಾಡಲಿಲ್ಲ. ಕ್ಯೂನಲ್ಲಿ ಮೂರನೆಯವರಾಗಿ ಮ್ಯಾನೇಜರ್ ನಿಂತಿದ್ದರು, ಕೈಯಲ್ಲಿ ಕಾಗದ ಹಿಡ್ಕೊಂಡು.

"ಸರ್, ನಿಮ್ಮ ಕ್ಯಾಬಿನ್ನಿನಲ್ಲೇ ಬರುತ್ತೆ ಈಗ."

ಅವರು ಮುಂದೆ ನೋಡಿದರು, ಹಿಂದೆ ನೋಡಿದರು. "ಅಲ್ಲಿ ಹೋಗಿ ಬರಲಿಲ್ಲ ಅಂದ್ರೆ ಮತ್ತೆ ಕೊನೇಲಿ ನಿಲ್ಬೇಕಾಗುತ್ತೆ ಮೇಡಂ. ಇನ್ನೇನು ಇಬ್ಬರೇ ಇದ್ದಾರೆ."

ಸುತ್ತೋಲೆ

ಲಾರಿ ಐದಕ್ಕೆ ಮುಂಚೆ ಹೋಯ್ತು. ಕೆಲಸ ನಿಲ್ಲಲಿಲ್ಲ ಅಂತ ಮ್ಯಾನೇಜರ್ ನಾಲ್ಕನೇ ಸಾಲು ಬರೆಯಲಿಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡು ಸೋಮವಾರ ಬಂದರೆ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ: "ಇನ್ನು ಮುಂದೆ ಯಾರೂ ಯಾವುದೇ ಕಾರಣಕ್ಕೂ ಲಾಗ್‌ಔಟ್ ಆಗತಕ್ಕದ್ದಲ್ಲ. ತಪ್ಪಿದಲ್ಲಿ, ಮಾಡಿದವರು ಮತ್ತು ಮಾಡಿಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು." ಕೆಳಗೆ ಮ್ಯಾನೇಜರ್ ಸಹಿ, ಸೀಲು.

"ಸರ್, ಒಳಗೆ ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ ಇದೆ," ಅಂದೆ.

"ಯಾವಾಗ್ಲೂ ನೆಗೆಟಿವ್ ಮಾತಾಡ್ತೀರಪ್ಪಾ ನೀವು," ಅಂದರು.

ಸುತ್ತೋಲೆಯನ್ನ ಜನ ಅಕ್ಷರಶಃ ಪಾಲಿಸಿದರು. ಒಂದು ಹೋದರೂ ಇನ್ನೊಂದಿರಲಿ ಅಂತ ಒಬ್ಬೊಬ್ಬರೂ ಮೂರು ಮೂರು ಸಲ ಲಾಗಿನ್ ಆಗಿಟ್ಟುಕೊಂಡರು. ಕಂಪ್ಯೂಟರಿನಲ್ಲಿ ಏನೂ ಕೆಲಸವಿಲ್ಲದ ಎಲೆಕ್ಟ್ರಿಷಿಯನ್ ಕೂಡ ಯಾರದ್ದೋ ಸೀಟಿನಲ್ಲಿ ಒಂದು ಹಿಡಿದುಕೊಂಡರು.

ಗುರುವಾರ ಬೆಳಿಗ್ಗೆ ಮ್ಯಾನೇಜರ್ ಬಂದು ನೋಡಿದರೆ, ಅವರ ಕಂಪ್ಯೂಟರ್ ಏನೋ ಅಪ್‌ಡೇಟ್ ಅಂತ ತಾನಾಗೇ ಆರಿ ಹತ್ತಿಕೊಂಡಿತ್ತು. ಲಾಗಿನ್ ಒತ್ತಿದರು. ಎರರ್. ಮತ್ತೆ ಒತ್ತಿದರು. ನನ್ನನ್ನ ಕೂಗಿದರು.

"ಒಳಗೆ ಭರ್ತಿಯಾಗಿದೆ ಸರ್. ಯಾರಾದ್ರೂ ಒಬ್ಬರು ಆಚೆ ಬಂದ್ರೆ ನಿಮಗೆ ಜಾಗ."

"ಹಂಗಾದ್ರೆ ಯಾರನ್ನಾದ್ರೂ ಆಚೆ ಹಾಕ್ರೀ!"

"ಹಾಕಬಹುದು ಸರ್. ಮಾಡಿಸಿದವರ ಮೇಲೂ ಶಿಸ್ತುಕ್ರಮ ಅಂತ ಇದೆಯಲ್ಲ."

ಅವರೇ ಎದ್ದು ಸೀಟು ಸೀಟಿಗೂ ಹೋದರು. ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡಿದರು, ಒಬ್ಬರೂ ಲಾಗ್‌ಔಟ್ ಮಾಡಲಿಲ್ಲ. ಗುಮಾಸ್ತರು ಮಾತ್ರ ಬಾಯಿಬಿಟ್ಟು ಹೇಳಿದರು: "ನಂದು ಇಪ್ಪತ್ಮೂರನೇ ದಿನ ಸಾರ್. ಬೇರೆ ಯಾರನ್ನಾದ್ರೂ ಕೇಳಿ."

ವಾಪಸ್ ಬಂದು ಕೂತರು. "ಮಿತಿ ಜಾಸ್ತಿ ಮಾಡೋಕಾಗಲ್ವಾ?"

"ಆಗುತ್ತೆ ಸರ್. ಆದರೆ ಹತ್ತು ನಿಮಿಷ ಎಲ್ಲಾ ನಿಲ್ಲಿಸಬೇಕು."

ನಿಲ್ಲಿಸಬೇಕು ಅಂದ ತಕ್ಷಣ ಅವರ ಕೈ ರಿಜಿಸ್ಟರಿನ ಮೇಲೆ ಹೋಯ್ತು. ನಾಲಿಗೆ ಕಚ್ಚಿಕೊಂಡೆ. ನಾನಾಗೇ ಬಾಯಿಬಿಟ್ಟು ಅರಿಶಿನಕುಂಟೆಗೆ ಟಿಕೆಟ್ ತಗೊಂಡ ಹಾಗಾಯ್ತು. ಅವರು ಪುಟ ತೆರೆದು ನಾಲ್ಕನೇ ಸಾಲಿನಲ್ಲಿ ದಿನಾಂಕ ಬರೆಯೋಕೆ ಪೆನ್ನು ಇಟ್ಟರು. ಆಮೇಲೆ ತಲೆ ಎತ್ತಿದರು.

"ಕಾರಣ ಏನಂತ ಬರೀಲಿ?"

"ಸುತ್ತೋಲೆ, ಸರ್."

"ಅದಲ್ಲರೀ. ಮೂಲ ಕಾರಣ."

"ಸುತ್ತೋಲೆ ಕೆಳಗೆ ಸಹಿ ಇದೆಯಲ್ಲ ಸರ್..."

ಅವರು ರಿಜಿಸ್ಟರ್ ನೋಡಿದರು, ನನ್ನ ನೋಡಿದರು, ಮತ್ತೆ ರಿಜಿಸ್ಟರ್ ನೋಡಿದರು.

"ಬೇರೆ ಯಾರಿಗಾದ್ರೂ ತೊಂದರೆ ಆಗಿದ್ಯಾ?"

"ಇಲ್ಲ ಸರ್. ಎಲ್ಲರೂ ಒಳಗಿದ್ದಾರೆ. ನೀವೊಬ್ಬರೇ ಆಚೆ."

ಪೆನ್ನಿಗೆ ಕ್ಯಾಪ್ ಹಾಕಿದರು. ರಿಜಿಸ್ಟರ್ ಮುಚ್ಚಿ ಡ್ರಾಯರಿಗೆ ತಳ್ಳಿದರು. ಊಟದ ಕ್ಯಾರಿಯರ್, ಕಾರಿನ ಕೀ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

"ಹಂಗಾದ್ರೆ ಇವತ್ತು ಏನೂ ನಿಂತಿಲ್ಲ ಮೇಡಂ," ಅಂದರು. "ನಾನು ಇವತ್ತು ರಜೆ."