ಆರಾಮ ಕೇಳಲು ಟಿಕೀಟು

ರಜೆಗೆ ಹೊರಟವರ ಮುಖ ನೋಡಿದಾಗಲೆಲ್ಲ ನನಗೆ ಪರೀಕ್ಷೆಗೆ ಹೊರಟವರ ನೆನಪಾಗುತ್ತದೆ. ಗ್ಯಾಸ್ ಬಂದ್ ಮಾಡಿದೆವೋ ಇಲ್ಲವೋ, ಕೊಟ್ಟ ಹಣಕ್ಕೆ ತಕ್ಕಷ್ಟು ಸಂತೋಷ ಆಗುತ್ತದೋ ಇಲ್ಲವೋ ಎಂಬ ಎರಡು ಚಿಂತೆಗಳು ಅವರ ಹಣೆಯ ಮೇಲೆ ಕಾಣುತ್ತವೆ. ಮೊದಲನೆಯದಕ್ಕೆ ಪಕ್ಕದ ಮನೆಗೆ ಫೋನ್ ಮಾಡಬಹುದು, ಎರಡನೆಯದಕ್ಕೆ ಯಾರಿಗೆ ಮಾಡುವುದು? ನಾನಂತೂ ಮನೆಯವರೆಲ್ಲರ ಪಾಲಿನ ಚಿಂತೆಯನ್ನು ಒಬ್ಬಳೇ ಮಾಡಿ ಮುಗಿಸುವವಳು. ಇಂಥವಳು ಕೈಯಾರೆ ಒಂದು ಹಾಲಿಡೇ ವಿಲೇಜಿನಲ್ಲಿ ಕಾಟೇಜು ಬುಕ್ ಮಾಡಿದ್ದಕ್ಕೆ ಕಾರಣ ಅವ್ವನ ಪಿತ್ತಕೋಶ.

ಅವ್ವನಿಗೆ ಆಪರೇಷನ್ ಆಗಿ, ಹರಳಿನ ಜೊತೆಗೆ ಪಿತ್ತಕೋಶವನ್ನೂ ತೆಗೆದಿದ್ದರು. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನ ರೆಸ್ಟ್ ಒಂದ ಔಷಧ. ಓಡ್ಯಾಡಿ ಹೊಲಿಗಿ ಜಗ್ಗಿದ್ರ ಮತ್ತ ನನ್ನ ಕಡೆನ ಬರಬೇಕಾಗತೈತಿ" ಎಂದರು. ಅವ್ವನನ್ನು ನೋಡಿ ಹೇಳಿದ್ದರೆ ಅದು ಅವ್ವನ ಜವಾಬ್ದಾರಿಯಾಗುತ್ತಿತ್ತು. ನನ್ನನ್ನು ನೋಡಿ ಹೇಳಿದ್ದರಿಂದ ನನ್ನದಾಯಿತು. ಅಂದಿನಿಂದ ಅವ್ವ ಕೆಮ್ಮಿದರೂ ನನಗೆ ದಾರ ಹರಿದ ಸದ್ದು ಕೇಳಿಸತೊಡಗಿತು.

ಆದರೆ ಹಾವೇರಿಯ ನಮ್ಮ ಓಣಿಯಲ್ಲಿ ಆಪರೇಷನ್ ಆದವರಿಗೆ ಆರಾಮ ಸಿಗುವುದಿಲ್ಲ, ಆರಾಮ ಕೇಳುವವರು ಸಿಗುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಮೋಸಂಬಿ, ಬ್ರೆಡ್ಡು, ಎಳನೀರು ಹಿಡಿದು ಬರುತ್ತಾರೆ. ಬಂದವರನ್ನು ಚಹಾ ಕೊಡದೆ ಕಳಿಸುವುದುಂಟೇ? ನಾನು ಮಾಡುತ್ತೇನೆಂದು ಎದ್ದರೆ ಅವ್ವ, "ನಿನ್ನ ಚಹಾ ಕುಡದ್ರ ಅವರ ಆರಾಮ ಕೇಳಾಕ ನಾವ ಹೋಗಬೇಕಾಗತೈತಿ" ಎನ್ನುತ್ತ ಹೊಟ್ಟೆ ಹಿಡಿದುಕೊಂಡು ಅಡಿಗೆಮನೆಗೆ ನಡೆಯುತ್ತಿದ್ದಳು. ಬಂದವರೂ "ಏಳಬ್ಯಾಡ್ರಿ, ಏಳಬ್ಯಾಡ್ರಿ" ಎಂದು ಕೈ ಅಡ್ಡ ಮಾಡುತ್ತಲೇ, "ನಮ್ಮವರಿಗೆ ಸಕ್ರಿ ಬ್ಯಾಡ್ರಿ" ಎಂದೂ ಸೇರಿಸುತ್ತಿದ್ದರು.

ಅವ್ವನನ್ನು ಈ ಪ್ರೀತಿಯಿಂದ ಪಾರು ಮಾಡಲೇಬೇಕೆಂದು ಹುಡುಕಿದಾಗ ಸಿಕ್ಕಿದ್ದೇ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಆ ಹಾಲಿಡೇ ವಿಲೇಜು. 'ಇಡೀ ಕುಟುಂಬಕ್ಕೆ ಸಂಪೂರ್ಣ ವಿಶ್ರಾಂತಿ' ಎಂದು ಬರೆದಿದ್ದರು. ಬಾಡಿಗೆಯನ್ನು ಎರಡೆರಡು ಸಲ ಓದಿದೆ. ಆ ಹಣಕ್ಕೆ ಅಡಿಗೆಯವಳೊಬ್ಬಳನ್ನು ಇಟ್ಟುಕೊಳ್ಳಬಹುದಿತ್ತು. ಆದರೆ ಅಡಿಗೆಯವಳಿಗೆ ಅಡಿಗೆ ಕಲಿಸಲು ಅವ್ವ ಇಡೀ ದಿನ ನಿಂತೇ ಇರಬೇಕಾಗುತ್ತಿತ್ತು. ಅಪ್ಪ ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಎಲ್ಲ ಬೆಲೆಯನ್ನೂ ದೂರದಲ್ಲಿ ಅಳೆಯುತ್ತಾರೆ. "ಇಷ್ಟು ರೊಕ್ಕದಾಗ ಮೂರೂ ಮಂದಿ ಕಾಶಿಗೆ ಹೋಗಿ ಬರಬಹುದಿತ್ತಲ್ಲ" ಎಂದರು. "ಅಪ್ಪಾ, ಎಲ್ಲಿಗಿ ಹೊಂಟೇವಿ ಅಂತ ಯಾರಿಗೂ ಹೇಳಬ್ಯಾಡ" ಎಂದಷ್ಟೇ ಕೇಳಿಕೊಂಡೆ. ಅವರು ತಲೆ ಆಡಿಸಿದರು. ಅದು ಒಪ್ಪಿಗೆಯೆಂದು ನಾನು ತಿಳಿದೆ.

ಕಾಟೇಜಿಗೆ ಕಾಂಕ್ರೀಟಿನ ಮೇಲೆ ಹುಲ್ಲು ಹೊದಿಸಿ ಗುಡಿಸಲಿನ ವೇಷ ಹಾಕಿದ್ದರು. ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಅವ್ವ ಅದರಲ್ಲಿ ಕುಳಿತ ಕೂಡಲೇ ಅರ್ಧ ಕಾಣದಾದಳು. ಏಳುವಾಗ ಹೊಲಿಗೆ ಜಗ್ಗೀತು ಎಂದು ನನಗೆ ಭಯ, ಬಚ್ಚಲಿನ ನುಣುಪು ಕಲ್ಲು ನೋಡಿ ಇನ್ನೊಂದು ಭಯ. ಅವ್ವ ಮಲಗಿದಳು. ನಾನು ಬಾಗಿಲೆಳೆದುಕೊಂಡು ಹೊರಗೆ ಕುಳಿತೆ. ಸ್ವಲ್ಪ ಹೊತ್ತಿಗೆ ನಿದ್ದೆ ಬಂದಿರಬಹುದೇ ಎಂದು ಮೆಲ್ಲಗೆ ಬಾಗಿಲು ತೆರೆದು ನೋಡಿದೆ. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದೆ. ನಾನು ಕೆಲಸ ಮಾಡುವುದು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಒದ್ದೆ ಕಾಗದದಲ್ಲಿ ಸುತ್ತಿಟ್ಟ ಬೀಜಗಳನ್ನು ಬಿಚ್ಚಿ ಬಿಚ್ಚಿ ನೋಡಿದರೆ ಮೊಳಕೆ ಹಾಳಾಗುತ್ತದೆಂದು ಹೊಸದಾಗಿ ಬಂದವರಿಗೆ ನಾನೇ ಗದರಿಸುತ್ತೇನೆ. ಆದರೆ ಬೀಜಗಳ ಬಗ್ಗೆ ಡಾಕ್ಟರು ನನ್ನ ಮುಖ ನೋಡಿ ಏನೂ ಹೇಳಿರಲಿಲ್ಲವಲ್ಲ.

"ಅವ್ವಾ, ನಿದ್ದಿ ಹತ್ತಿತೇನು?"

"ಹತ್ತಿತ್ತವ್ವಾ. ನೀ ಕೇಳಿದಿ, ಹೋತು."

ಸಂಜೆ ಅವ್ವ ಕಟ್ಟೆಯ ಮೇಲೆ ಕುಳಿತು ಸುತ್ತಲೂ ನೋಡಿದಳು. ಹಕ್ಕಿಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನನಗೆ ಅದೇ ಸ್ವರ್ಗ. ಯಾರೂ ಮಾತಾಡಿಸದಿರುವುದಕ್ಕೆ ನಾನು ಇನ್ನೂ ಹೆಚ್ಚು ಬಾಡಿಗೆ ಕೊಡಬಲ್ಲೆ. ಅವ್ವ ಮಾತ್ರ, "ಸತ್ತವರ ಮನ್ಯಾಗೂ ಇಷ್ಟ ಸುಮ್ಮಕ ಇರೂದಿಲ್ಲವ್ವಾ" ಎಂದಳು. ಬೆಳಿಗ್ಗೆ ಎದ್ದು ನೋಡಿದರೆ, ರೂಮು ಗುಡಿಸುವವರು ಬರುವ ಮುನ್ನವೇ ಹಾಸಿಗೆ ಝಾಡಿಸಿ ಮಡಚಿಡುತ್ತಿದ್ದಳು. ಹೊತ್ತು ಹೋಗುತ್ತಿಲ್ಲವಂತೆ. ಕಾಶಿಯಷ್ಟು ದೂರದ ಹಣ ಕೊಟ್ಟು ಅವ್ವನಿಗೆ ಕೆಲಸ ಹುಡುಕಿಕೊಟ್ಟೆನೆಂದು ನನಗೆ ತಿಂಡಿ ಸೇರಲಿಲ್ಲ.

ಅಷ್ಟರಲ್ಲಿ ಗೇಟಿನಿಂದ ಫೋನು. ನಿಮ್ಮ ಕಡೆಯವರು ಬಂದಿದ್ದಾರೆ, ಟಿಕೀಟು ತೆಗೆಸಲು ಒಪ್ಪುತ್ತಿಲ್ಲ ಎಂದರು. ಅಪ್ಪನೂ ನಾನೂ ಹೋಗಿ ನೋಡಿದರೆ ಬ್ಯಾಡಗಿಯಿಂದ ಅವ್ವನ ತಂಗಿ, ನಮ್ಮ ಚಿಕ್ಕವ್ವ, ನಮ್ಮ ಓಣಿಯ ಮೂವರು ಹೆಂಗಸರೊಡನೆ ಬಂದು ಕಾವಲುಗಾರನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ನಾವೇನ ನಿಮ್ಮ ಕೊಳದಾಗ ಈಸಾಕ ಬಂದೇವೇನೋ ತಮ್ಮಾ? ಆರಾಮ ಕೇಳಾಕ ಬಂದೇವಿ. ಆರಾಮ ಕೇಳಾಕೂ ಟಿಕೀಟ್ ಇಟ್ಟೀರೇನು?"

"ಹಂಗಲ್ರಿ ಅಕ್ಕಾರ, ಒಳಗ ಬಂದ್ರ ಡೇ ಪಾಸ್ ಬೇಕ್ರಿ. ಊಟ, ಚಹಾ, ಎತ್ತಿನ ಬಂಡಿ, ಎಲ್ಲಾ ಅದರಾಗ ಬರತೈತ್ರಿ."

"ಬಂಡಿ ನಮ್ಮನ್ಯಾಗ ಐತಿ. ಬರೇ ಚಹಾಕ್ಕ ಎಷ್ಟು, ಅದನ್ನ ಹೇಳು."

ನಾನು ಅಪ್ಪನ ಕಡೆ ತಿರುಗಿದೆ. "ಕೇಳಿದ್ರು, ಹೇಳಿದೆ. ಯಾವ ಸ್ಟಾಪಂತ ಕೇಳಿದವರಿಗೆ ಜೀವನಾನ ಹೇಳಿಕೋತ ಬಂದೇನಿ. ಈಗ ಸುಳ್ಳ ಹೇಳಲೇನು?" ಎಂದರು. ಅಷ್ಟು ಸತ್ಯವಂತರು ಟಿಕೀಟಿನ ಮಾತು ಬಂದಾಗ ಮಾತ್ರ ಮುಖ ಆ ಕಡೆ ಮಾಡಿದರು. ನಾನು ಕಾರ್ಡು ತೆಗೆದೆ.

ಒಳಗೆ ಬಂದವರನ್ನು ಕಂಡು ಅವ್ವನ ಮುಖ ಅರಳಿತು, ಕಾಲು ತಾನಾಗಿ ನೆಲಕ್ಕಿಳಿಯಿತು. ಇನ್ನು ಚಹಾಕ್ಕೆ ಏಳುತ್ತಾಳೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವ್ವ ಎದ್ದು ಎಲ್ಲಿಗೆ ಹೋದಾಳು, ಅಲ್ಲಿ ಒಲೆಯೇ ಇರಲಿಲ್ಲ. ಒಂದು ಫೋನಿಗೆ ಫ್ಲಾಸ್ಕಿನ ತುಂಬ ಚಹಾ ಬಂತು. ಅವ್ವ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿ ನೋಡಿ, ಮತ್ತೆ ದಿಂಬಿಗೆ ಒರಗಿದಳು. ಒರಗಿ, ಆಪರೇಷನ್ನಿನ ಕತೆ ಶುರು ಮಾಡಿದಳು. ಮನೆಯಲ್ಲಿ ಆ ಕತೆ ಯಾವಾಗಲೂ ಹಾಲು ಉಕ್ಕುವ ಹೊತ್ತಿಗೆ ನಿಂತುಹೋಗುತ್ತಿತ್ತು. ಅಂದು ಮೊದಲ ಸಲ ಅವಳಿಗೆ ಪೂರ್ತಿ ಹೇಳಲು ಸಿಕ್ಕಿತು. ಬಂದವರು ತಮ್ಮ ತಮ್ಮ ಆಪರೇಷನ್ನುಗಳನ್ನೂ ಸೇರಿಸಿದರು. ಎಲ್ಲರೂ ನಕ್ಕರು. ಅವ್ವ ಹೊಟ್ಟೆಗೆ ದಿಂಬು ಒತ್ತಿಕೊಂಡು ನಕ್ಕಳು.

"ಅವ್ವಾ, ನಗಬ್ಯಾಡ, ಹೊಲಿಗಿ ಜಗ್ಗತಾವು."

"ನಗಾಕೂ ನಿನ್ನ ಕಡೆ ಪಾಸ್ ತಗೋಬೇಕೇನವಾ?" ಎಂದಳು ಚಿಕ್ಕವ್ವ.

ಊಟವಾದ ಮೇಲೆ, ನಾಲ್ವರು ಹೆಂಗಸರು ಒಟ್ಟಿಗೆ ಮಾತಾಡುತ್ತಿರುವಾಗ, ಆ ಗದ್ದಲದ ನಡುವೆ ಅವ್ವ ನಿದ್ದೆ ಹೋದಳು. ಆಪರೇಷನ್ನಾದ ಮೇಲೆ ಅಂಥ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಸಣ್ಣ ಗೊರಕೆಯೂ ಇತ್ತು. ಇದು ನಿಜವಾದ ನಿದ್ದೆಯೋ ಸುಸ್ತೋ ಎಂದು ಅನುಮಾನವಾಗಿ ಬಗ್ಗಿ ಕರೆಯಹೋದಾಗ ಚಿಕ್ಕವ್ವ ಮಾತು ನಿಲ್ಲಿಸದೆ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿದಳು.

ಮುಂದಿನ ವಾರ ಡಾಕ್ಟರು ಹೊಲಿಗೆ ನೋಡಿ, ಚೆನ್ನಾಗಿ ಮಾಗಿದೆ ಎಂದರು. ನನಗೆ ಅಳು ಬರುವಷ್ಟು ಹಗುರಾಯಿತು. "ಛಲೋ ರೆಸ್ಟ್ ಮಾಡೀರಿ, ಇನ್ನೊಮ್ಮೆ ಎಲ್ಲಿಗರೆ ಹೋಗಿ ಬರ್ರಿ" ಎಂದು ಅವರು ಹೇಳಿದ್ದೇ ತಡ, ಅವ್ವ ಅದಾಗಲೇ ಚಿಕ್ಕವ್ವನ ಜೊತೆ ಅಲ್ಲಿಗೇ ಹೋಗುವುದೆಂದು ಮಾತಾಡಿಕೊಂಡಿರುವುದು ಹೊರಬಿತ್ತು.

"ಮಗಳನ್ನೂ ಕರಕೊಂಡು ಹೋಗ್ರಿ. ಅಕಿ ಮಾರಿ ನೋಡ್ರಿ, ಎಷ್ಟ ಇಳದೈತಿ" ಎಂದರು ಡಾಕ್ಟರು.

"ಅಕಿ ಬ್ಯಾಡ್ರಿ ಸರ" ಎಂದಳು ಅವ್ವ ಮೆತ್ತಗೆ. "ಅಕಿ ಇದ್ರ ನನಗ ರೆಸ್ಟ್ ಆಗೂದಿಲ್ಲ."

ಕಾಟೇಜು ಬುಕ್ ಮಾಡಿಕೊಟ್ಟಿದ್ದೇನೆ. ಆ ಹಾಲಿಡೇ ವಿಲೇಜು, ಕೊಟ್ಟ ಹಣಕ್ಕೆ ತಕ್ಕದ್ದೇ ಎಂದು ಪ್ರಯೋಗಾಲಯದಲ್ಲಿ ಗೆಳತಿಯರು ಕೇಳುತ್ತಾರೆ. ಖಂಡಿತ ತಕ್ಕದ್ದು, ನಾನು ಜೊತೆಗೆ ಹೋಗದಿದ್ದರೆ.